ನಾಟಕದ ಮಾಂತ್ರಿಕ ಅಜ್ಜನಿಗೆ ಗಡ್ಡ, ಟೋಪಿ, ಕೋಲು

ಕಾರವಾರದ ಅಕ್ಕೋರು ಕೇಳಿದ್ದು: ಆರನೇ ಕ್ಲಾಸಿನವರ ಗ್ಯಾದರಿಂಗ್ (ಶಾಲೆಯ ವಾರ್ಷಿಕೋತ್ಸವ) ನಾಟಕದಲ್ಲಿ ಮಕ್ಕಳಿಗೆ ದಾರಿ ತೋರಿಸುವ ಮುದಿ ಮಾಂತ್ರಿಕ ಬರುತ್ತಾನೆ. ಬಾಡಿಗೆ ಗಡ್ಡ ಬೆವರಿಗೆ ಅರ್ಧಕ್ಕೇ ಕಳಚುತ್ತದೆ, ಮಾತೂ ಒಳಗೇ ಉಳಿಯುತ್ತದೆ. ಮನೆಯಲ್ಲೇ ಮಾಡುವುದು ಹೇಗೆ? ಹುಡುಗನ ತಲೆ ಸುತ್ತಳತೆ 54 ಸೆಂ.ಮೀ.

ಶಿರಸಿಯಿಂದ: ಅಂಟಿನ ಗೊಡವೆಯೇ ಬೇಡ, ಎಲಾಸ್ಟಿಕ್ ಸಾಕು. ಗಡ್ಡಕ್ಕೆ ಬಾಳೆನಾರು. ದಿಂಡಿನ ಒಳಪಟ್ಟೆ ಒಂದೂವರೆ ಮೊಳ ಉದ್ದ ಕೊಯ್ದು, ಹಲಗೆ ಮೇಲಿಟ್ಟು ಮೊಂಡು ಚಾಕುವಿನಲ್ಲಿ ಕೆರೆಯಿರಿ. ಹರಿತ ಚಾಕು ನಾರನ್ನೇ ಕತ್ತರಿಸುತ್ತದೆ. ತಿರುಳು ಪೂರ್ತಿ ಹೋಗುವವರೆಗೆ ತೊಳೆದು ನೆರಳಿಗೆ ಹಾಕಿ. ರಸ ಉಳಿದರೆ ಕಂದು ತಿರುಗಿ ಅಜ್ಜನ ಗಡ್ಡ ಅಡಿಕೆ ಸಿಪ್ಪೆಯಂತಾಗುತ್ತದೆ.

ಸೊಳ್ಳೆಪರದೆ ಬಟ್ಟೆ ಎರಡು ಪದರ ಮಾಡಿ ಕಿವಿಯಿಂದ ಕಿವಿಗೆ ಕತ್ತರಿಸಿ. ಹತ್ತು ಹನ್ನೆರಡು ಎಳೆಯನ್ನು ನಡುವೆ ಮಡಚಿ, ಮಡಿಕೆಯನ್ನು ಬಲೆಯ ಕಣ್ಣಿನಿಂದ ಎಳೆದು, ಅದರೊಳಗೆ ಬಾಲ ತೂರಿಸಿ ಬಿಗಿಯಿರಿ. ಕೆಳಗಿನ ಸಾಲಿನಿಂದಲೇ ಶುರು ಮಾಡಿ, ಸಾಲಿಗೆ ಒಂದು ಸೆಂ.ಮೀ. ಅಂತರ. ಮೇಲಿಂದ ಹೊರಟರೆ ಗಂಟೆಲ್ಲ ಎದುರಿಗೇ ಕಾಣುತ್ತವೆ. ಮೀಸೆ ಮಾತ್ರ ಬೇರೆ ತುಂಡಾಗಿರಲಿ. ಗಡ್ಡಕ್ಕೇ ಹೊಲಿದರೆ ಬಾಯಿ ತೆರೆದಾಗೆಲ್ಲ ಅದು ತುಟಿ ಮೇಲೆ ಜಾರುತ್ತದೆ. ಮಾತು ಕೇಳದಿರುವುದಕ್ಕೆ ಮುಖ್ಯ ಕಾರಣ ಇದೇ.

ಕುಮಟಾದಿಂದ: ಬಾಳೆನಾರು ಚೆಂದ, ಆದರೆ ಒಣಗಲಿಕ್ಕೇ ದಿನ ಬೇಕು. ನಾಡಿದ್ದೇ ನಾಟಕ ಅಂತಾದರೆ ಬಿಳಿ ಉಲ್ಲನ್ ದಾರದ ಹುರಿ ಬಿಚ್ಚಿ ಬಾಚಿ. ಸೆಕೆ ಜಾಸ್ತಿ, ಕೆಲಸ ಕಡಿಮೆ.

ಟೋಪಿಗೆ ಡ್ರಾಯಿಂಗ್ ಶೀಟ್ ತರಬೇಡಿ, ಕಡಲಗಾಳಿಗೆ ಸಂಜೆಯೊಳಗೆ ತುದಿ ಬಾಗುತ್ತದೆ. ದರ್ಜಿಗಳ ಹತ್ತಿರ ಸಿಗುವ ಬಕ್ರಂ (ಕಾಲರಿನೊಳಗೆ ಹಾಕುವ ಬಿರುಸು ಬಟ್ಟೆ) ಹಿಡಿದರೆ ನಿಲ್ಲುತ್ತದೆ. ಒಂದು ಮೂಲೆಯಿಂದ 40 ಸೆಂ.ಮೀ. ದಾರ ಹಿಡಿದು ಕಮಾನು ಎಳೆಯಿರಿ, ಆ ಕಮಾನಿನ ಮೇಲೇ ಟೇಪು ಓಡಿಸಿ 58 ಅಳೆದು ಕತ್ತರಿಸಿ: ತಲೆಗೆ 54, ಸಡಿಲಕ್ಕೆ 2, ಹೊಲಿಗೆಗೆ 2. ಅಂಚಿಗೆ ಅಗಲದ ಅಡಿಕೆ ಹಾಳೆ ನೆನೆಸಿ, ರಾತ್ರಿಯಿಡೀ ಭಾರ ಹೇರಿ ಚಪ್ಪಟೆ ಮಾಡಿ. ನೆನೆಸದೆ ಬಗ್ಗಿಸಿದರೆ ಸೀಳುತ್ತದೆ. ಒಳವೃತ್ತದ ತ್ರಿಜ್ಯ 8 ಸೆಂ.ಮೀ. ಇಟ್ಟು ಸುತ್ತಲೂ 1 ಸೆಂ.ಮೀ. ಕಚ್ಚು ಕೊಟ್ಟರೆ ಆ ಹಲ್ಲುಗಳನ್ನು ಮೇಲಕ್ಕೆ ಮಡಚಿ ಟೋಪಿಯೊಳಗೆ ಹೊಲಿಯಬಹುದು. ಅಂಚು ಹಿಂದೆ 8 ಇರಲಿ, ಮುಂದೆ 5 ದಾಟುವುದು ಬೇಡ, ಮೇಲಿನ ಲೈಟಿಗೆ ಕಣ್ಣು ನೆರಳಲ್ಲಿ ಮುಳುಗುತ್ತದೆ.

ಹೊನ್ನಾವರದಿಂದ: ಕೋಲಿಗೆ ಬಿದಿರು. ಅಡಿಕೆ ಮರ ಸೀಳಿದ ದಬ್ಬೆ ಬೇಡ, ಸಿಬಿರು ಕೈಗೆ ಹೊಗುತ್ತದೆ. ಕೋಲಿನ ದಪ್ಪ, ಹುಡುಗನ ಮುಷ್ಟಿಯೊಳಗೆ ಕೂರುವಷ್ಟು, ಎತ್ತರ ಅವನ ನೆತ್ತಿಯಿಂದ ನಾಲ್ಕು ಬೆರಳು ಮೇಲೆ. ಬುಡಕ್ಕೆ ಕುರ್ಚಿ ಕಾಲಿನ ರಬ್ಬರ್ ಬುಷ್ ಹಾಕದಿದ್ದರೆ ಹಲಗೆಯ ಸ್ಟೇಜಿನಲ್ಲಿ ಮೈಕಿಗೆ ಬರೀ ಧಡ್ ಧಡ್.

ತುದಿಯ ಬೆಳಕಿಗೆ 2032 ನಂಬರಿನ ಗುಂಡಿ ಸೆಲ್ಲು, ಎರಡು ಬಿಳಿ ಎಲ್‌ಇಡಿ. ಉದ್ದ ಕಾಲು ಪ್ಲಸ್ ಮುಖಕ್ಕೆ, ಗಿಡ್ಡ ಕಾಲು ಇನ್ನೊಂದು ಮುಖಕ್ಕೆ, ಮೇಲೆ ಟೇಪು. ಕೆಂಪು, ಬಿಳಿ ಬೆರೆಸಿದರೆ ಕೆಂಪೊಂದೇ ಉರಿಯುತ್ತದೆ, ಏಕೆಂದರೆ ಅದು ಕಡಿಮೆ ವೋಲ್ಟೇಜಿಗೇ ಕರೆಂಟು ಎಳೆದುಕೊಳ್ಳುತ್ತದೆ. ಗಿಡ್ಡ ಕಾಲುಗಳಿಗೂ ಸೆಲ್ಲಿಗೂ ನಡುವೆ ಕಾಗದದ ಚೂರು ಸಿಕ್ಕಿಸಿ ದಾರ ಕಟ್ಟಿ. ಮಂತ್ರ ಹೇಳುತ್ತಾ ದಾರ ಜಗ್ಗಿದರೆ ಬೆಳಕು. ಸೆಲ್ಲು ಸಣ್ಣ ಮಕ್ಕಳ ಕೈಗೆ ಸಿಗಬಾರದು, ನುಂಗಿದರೆ ಜೀವಕ್ಕೆ ಅಪಾಯ.

ಯಕ್ಷಗಾನದ ರಾಕ್ಷಸನಂತೆ ದೊಂದಿಗೆ ರಾಳ ಎರಚೋಣ ಅಂತ ಯಾರಾದರೂ ಹುರುಪು ತೋರಿಸಿದರೆ ತಡೆಯಿರಿ. ನಾರಿನ ಗಡ್ಡಕ್ಕೆ ಕಿಡಿ ತಾಗಿದರೆ ಮುಗಿಯಿತು. ಎರಡು ಸೆಕೆಂಡು ಲೈಟು ಆರಿಸಿ ಒಂದು ಚಂಡೆ ಪೆಟ್ಟು ಕೊಡಿಸಿ, ಸಾಕು.

ಶಿರಸಿಯಿಂದ ಮತ್ತೆ: ಧ್ವನಿ ಗೊಗ್ಗರು ಮಾಡಿಸಬೇಡಿ, ಎರಡನೇ ದೃಶ್ಯದಲ್ಲೇ ಗಂಟಲು ಕಟ್ಟುತ್ತದೆ. ಮೊದಲು ಕೋಲು, ಆಮೇಲೆ ಹೆಜ್ಜೆ, ನಿಂತ ಮೇಲೆ ಮಾತು. ಇಷ್ಟಕ್ಕೇ ವಯಸ್ಸು ಬರುತ್ತದೆ. ಅವನನ್ನು ‘ಮಂತ್ರವಾದಿ’ ಅಂತ ಕರೆಸಬೇಡಿ, ನಮ್ಮ ಕಡೆ ಆ ಮಾತಿಗೆ ಮಾಟದ ವಾಸನೆ. ‘ಮಾಂತ್ರಿಕ ಅಜ್ಜ’ ಒಳ್ಳೆಯದು. ಇನ್ನೊಂದು, ಕೊನೆಯ ಕಾಳಗದ ಹೊತ್ತಿಗೆ ಅವನು ಸ್ಟೇಜಿನಲ್ಲಿ ಇರಬಾರದು. ಇದ್ದರೆ ‘ಅಜ್ಜನೇ ಯಾಕೆ ಮಂತ್ರ ಹಾಕುವುದಿಲ್ಲ?’ ಅಂತ ಮುಂದಿನ ಸಾಲಿನ ಪುಟಾಣಿಗಳೇ ಕೂಗುತ್ತವೆ.