ಮಳೆಗಾಲದಲ್ಲಿ ನಡಿಗೆ ನಿಂತರೆ ಶುಗರ್ ಏರುತ್ತದೆ: ಮನೆಯೊಳಗೆ ಏನು ಮಾಡಿಸಬಹುದು?

ಮಡಿಕೇರಿಯಿಂದ ಪ್ರಶ್ನೆ: ಅಪ್ಪನಿಗೆ 61 ವರ್ಷ. ಶುಗರ್‌ಗೆ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಾರೆ. ತೋಟ ಸುತ್ತುವ ದಿನಗಳಲ್ಲಿ ಶುಗರ್ ಹಿಡಿತದಲ್ಲಿರುತ್ತದೆ. ಜೂನ್‌ನಲ್ಲಿ ಮಳೆ ಹಿಡಿದರೆ ಏರುತ್ತದೆ; ಮಾತ್ರೆ ಅದೇ, ಊಟ ಅದೇ. ಕಾಲಿನ ಬಲವೂ ಕುಗ್ಗಿದೆ. ತಿಳಿದವರು ಹೇಳಿ.

ವಿರಾಜಪೇಟೆಯಿಂದ: ಊಟ ಅದೇ ಇದ್ದರೂ ಅದನ್ನು ಖರ್ಚು ಮಾಡುವ ಸ್ನಾಯುವಿಗೆ ಕೆಲಸವಿಲ್ಲ. ಸ್ನಾಯುಕೋಶದೊಳಗೆ ಗ್ಲೂಟ್-4 ಎಂಬ, ಗ್ಲೂಕೋಸ್ ಒಳಗೆಳೆಯುವ ಪ್ರೋಟೀನ್ ಇದೆ. ಕೂತಿರುವಾಗ ಅದನ್ನು ಕೋಶದ ಪೊರೆಗೆ ತರಲು ಇನ್ಸುಲಿನ್ ಬೇಕು. ಸ್ನಾಯು ದುಡಿಯುವಾಗ ಇನ್ಸುಲಿನ್ ಇಲ್ಲದೆಯೂ ಅದು ಪೊರೆಗೆ ಬರುತ್ತದೆ. ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದ ದೇಹಕ್ಕೂ ನಡಿಗೆ ನಾಟುವುದು ಇದರಿಂದಲೇ. ನಡಿಗೆ ಮುಗಿದ ಮೇಲೂ, ಖಾಲಿಯಾದ ಗ್ಲೈಕೋಜನ್ (ಸ್ನಾಯು ಕೂಡಿಟ್ಟುಕೊಳ್ಳುವ ಗ್ಲೂಕೋಸ್ ದಾಸ್ತಾನು) ತುಂಬಿಕೊಳ್ಳಲು ಸ್ನಾಯು ಗ್ಲೂಕೋಸ್ ಎಳೆಯುತ್ತಲೇ ಇರುತ್ತದೆ. ಈ ಲಾಭ ಉಳಿಯುವುದು ಸುಮಾರು 24ರಿಂದ 72 ಗಂಟೆ. ಹಾಗಾಗಿ ಸತತ ಎರಡು ದಿನಕ್ಕಿಂತ ಹೆಚ್ಚು ಬಿಡುವು ಬೇಡವೇ ಬೇಡ. ಅಕ್ಕಿ ರೊಟ್ಟಿಯೋ ಕಡಂಬುಟ್ಟೋ ತಿಂದ ಮೇಲೆ ಜಗಲಿಯಲ್ಲೇ 10–15 ನಿಮಿಷ ಅತ್ತಿತ್ತ ನಡೆಯಲಿ, ಊಟದ ನಂತರದ ಏರಿಕೆ ತಗ್ಗುತ್ತದೆ.

ಕುಶಾಲನಗರದಿಂದ (ಫಿಸಿಯೋಥೆರಪಿ): ಬಲಕ್ಕೆ ನಡಿಗೆಯೊಂದೇ ಸಾಲದು. ಗೋಡೆಗೆ ಒತ್ತಿ ಇಟ್ಟ ಗಟ್ಟಿ ಕುರ್ಚಿಯಿಂದ ಕೈ ಊರದೆ ಎದ್ದು ಕೂರಲಿ. ಕೂರುವಾಗ ಮನಸ್ಸಿನಲ್ಲಿ ಮೂರು ಎಣಿಸಿ ನಿಧಾನಕ್ಕೆ ಇಳಿಯಲಿ. 8–12 ಸಲ, ಒಂದೆರಡು ನಿಮಿಷ ಬಿಟ್ಟು ಇನ್ನೊಂದು ಸುತ್ತು. ಜೊತೆಗೆ ಗೋಡೆಗೆ ಪುಶ್‌ಅಪ್, ಹಿಮ್ಮಡಿ ಎತ್ತಿ ಇಳಿಸುವುದು, ರಬ್ಬರ್ ಬ್ಯಾಂಡ್ ಎಳೆಯುವುದು. ವಾರಕ್ಕೆ 2–3 ದಿನ, ನಡುವೆ ಒಂದು ದಿನ ಬಿಡುವು. 12 ಸಲ ಮಾಡುವುದು ಸುಲಭವೆನಿಸಿದ ದಿನ ಬೆನ್ನಿನ ಚೀಲಕ್ಕೆ 2 ಕೆಜಿ ಅಕ್ಕಿ ಹಾಕಿ. ಅಷ್ಟೇ ಭಾರದಲ್ಲಿ ತಿಂಗಳುಗಟ್ಟಲೆ ಮುಂದುವರಿದರೆ ಬಲ ಅಲ್ಲಿಗೇ ನಿಲ್ಲುತ್ತದೆ. ಮೊದಲ ಕೆಲವು ವಾರಗಳ ಚೇತರಿಕೆ ಹೆಚ್ಚಾಗಿ ನರಗಳದ್ದು, ಸ್ನಾಯು ಬೆಳೆಯಲು ತಿಂಗಳುಗಳು ಬೇಕು, ಅಲ್ಲಿಯವರೆಗೆ ಬಿಡಬೇಡಿ. ಉಸಿರು ಬಿಗಿ ಹಿಡಿಯಬಾರದು, ಬಿಪಿ ಏರುತ್ತದೆ. ರೆಟಿನಾ ತೊಂದರೆಯಿದ್ದರೆ ಕಣ್ಣಿನ ವೈದ್ಯರನ್ನು ಕೇಳಿಯೇ ಭಾರ ಎತ್ತಲಿ.

ಮಳೆ ಬಿಟ್ಟ ಕೂಡಲೇ ಕಡಿದಾದ ಇಳಿಜಾರಿಗೆ ಕಳಿಸಬೇಡಿ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯುತ್ತದೆ, ರೂಢಿ ತಪ್ಪಿದ್ದರೆ ಎರಡು ಮೂರು ದಿನ ನೋವು. ನೋವಿನ ಭಯಕ್ಕೆ ಮತ್ತೆ ಕೂತುಬಿಡುತ್ತಾರೆ.

ಗೋಣಿಕೊಪ್ಪದಿಂದ: ಗ್ಲಿಮೆಪಿರೈಡ್ ಇರುವುದರಿಂದ ಒಂದು ಎಚ್ಚರಿಕೆ. ಅದು ಶುಗರ್ ಎಷ್ಟಿದ್ದರೂ ಇನ್ಸುಲಿನ್ ಸುರಿಸುತ್ತದೆ; ಖಾಲಿ ಹೊಟ್ಟೆಯ ವ್ಯಾಯಾಮ ಸೇರಿದರೆ ಶುಗರ್ ಕುಸಿಯಬಹುದು, ಕೆಲವೊಮ್ಮೆ ರಾತ್ರಿ ಮಲಗಿದ ಮೇಲೂ. ಶುರುವಿಗೆ ಮುಂಚೆ 90ಕ್ಕಿಂತ ಕಡಿಮೆಯಿದ್ದರೆ ಏನಾದರೂ ತಿನ್ನಲಿ. ನಡುಕ, ತಣ್ಣನೆ ಬೆವರು ಬಂದು 70ಕ್ಕಿಂತ ಕೆಳಗಿಳಿದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕೊಡಿ, 15 ನಿಮಿಷಕ್ಕೆ ಮತ್ತೆ ನೋಡಿ. ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆಯನ್ನು ತಡ ಮಾಡುತ್ತದೆ. ವ್ಯಾಯಾಮ ಹೆಚ್ಚಿಸುವ ಮೊದಲೇ ಡೋಸ್ ಬಗ್ಗೆ ವೈದ್ಯರ ಜೊತೆ ಮಾತಾಡಿ.

ಸೋಮವಾರಪೇಟೆಯಿಂದ: ಪಾದ ಜೋಮು ಹಿಡಿದಿದ್ದರೆ ಒದ್ದೆ ಗಮ್‌ಬೂಟು ಉಜ್ಜಿದ್ದೂ ಜಿಗಣೆ ಕಚ್ಚಿದ್ದೂ ಗೊತ್ತಾಗುವುದಿಲ್ಲ. ಪ್ರತಿ ಸಂಜೆ ಬೆರಳ ಸಂದು ಒರೆಸಿ ನೋಡಿ.

ಮಡಿಕೇರಿಯಿಂದ: ಒಂದು ಅನುಮಾನ. ಭಾರ ಎತ್ತಿದ ತಕ್ಷಣ ಅಳೆದರೆ ಶುಗರ್ ಹೆಚ್ಚು ತೋರಿಸಬಹುದೇ?

ವಿರಾಜಪೇಟೆಯಿಂದ: ಹೌದು. ಜೋರು ಶ್ರಮಕ್ಕೆ ಅಡ್ರಿನಲಿನ್ ಏರಿ ಯಕೃತ್ತು ಗ್ಲೂಕೋಸ್ ಬಿಡುತ್ತದೆ, ಒಂದೆರಡು ಗಂಟೆಯಲ್ಲಿ ಇಳಿಯುತ್ತದೆ. ಅದನ್ನು ನೋಡಿ ಹೆದರಿ ವ್ಯಾಯಾಮ ನಿಲ್ಲಿಸಬೇಡಿ, ಹೆಚ್ಚುವರಿ ಮಾತ್ರೆಯನ್ನೂ ಕೊಡಬೇಡಿ. ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ಮಾಡಿಸಿ.