ಪ್ರಾಣಿಶಾಸ್ತ್ರ ಓದಿ ಕ್ಯಾಮೆರಾ ಹಿಡಿದವರು ಯಾರಾದರೂ ಇದ್ದೀರಾ?

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಪ್ರಾಣಿಶಾಸ್ತ್ರ ಮುಗಿಸಿದ ತಂಗಿ ಈಗ ಡಾಕ್ಯುಮೆಂಟರಿ ಮಾಡುತ್ತೇನೆ ಅನ್ನುತ್ತಾಳೆ. ಕಾಡೂ ಬೇಕಂತೆ, ಊರವರ ಹಬ್ಬ-ಆಚರಣೆಯೂ ಬೇಕಂತೆ. ಓದಿದ್ದೆಲ್ಲ ದಂಡ ಅಂತ ಅಪ್ಪನ ತಕರಾರು. ಅನುಭವ ಇದ್ದವರು ಹೇಳಿ.

ಸಾಗರದಿಂದ:
ನಾನೂ ಅದೇ ಓದಿ ಇದೇ ಕೆಲಸಕ್ಕೆ ಬಂದವನು. ಓದು ದಂಡವಾಗುವುದಿಲ್ಲ. ಆಗುಂಬೆ ಕಡೆ ಹೆಣ್ಣು ಕಾಳಿಂಗ ಮಳೆ ಹಿಡಿಯುವ ಮುಂಚೆ ತರಗೆಲೆ ಗುಡ್ಡೆ ಹಾಕಿ ಗೂಡು ಕಟ್ಟುತ್ತದೆ. ಇದು ಗೊತ್ತಿಲ್ಲದವನು ಆಷಾಢದಲ್ಲಿ ಹೋಗಿ ಸುಮ್ನೆ ನೆನೆದು ಬರುತ್ತಾನೆ, ಅಷ್ಟೆ.

ಎಡವಿದ್ದು ಜನರ ಹತ್ತಿರ. ಮೊದಲ ಸಲ ಭೂಮಿ ಹುಣ್ಣಿಮೆ (ಗದ್ದೆಯ ಪೈರಿಗೆ ಪೂಜೆ ಮಾಡುವ ಹಬ್ಬ) ಶೂಟಿಂಗಿಗೆ ಮಲೆನಾಡಿನ ದೀವರ ಸಮುದಾಯದ ಮನೆಯೊಂದಕ್ಕೆ ಹೋದಾಗ, ಪ್ರಾಣಿಗೆ ಕಾದ ಹಾಗೇ ಕಾದೆ. ದೂರ ನಿಂತೆ, ಉದ್ದ ಲೆನ್ಸ್, ಸದ್ದಿಲ್ಲ. ಗದ್ದೆಗೆ ಎಡೆ ಒಯ್ಯುವ, ಕೆಮ್ಮಣ್ಣು ಬಳಿದ ಭೂಮಣ್ಣಿ ಬುಟ್ಟಿಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆ ಎಳೆಯುತ್ತಿದ್ದ ಅಮ್ಮ, ಪುಂಡಿ ನಾರಿನ ಕುಂಚ ಕೆಳಗಿಟ್ಟು ಕೇಳಿದರು: "ಏನ್ ತಮ್ಮಾ, ನಾವೇನು ಕಾಟಿಯಾ, ಮರೆಯಲ್ಲಿ ನಿಂತು ನೋಡೋಕೆ?"

ಆಸ್ಟ್ರಿಯಾದ ಪ್ರಾಣಿಶಾಸ್ತ್ರಜ್ಞ ಐಬ್ಲ್-ಐಬೆಸ್‌ಫೆಲ್ಟ್ ಕೂಡ ಪ್ರಾಣಿಗಳಿಂದ ಮನುಷ್ಯರ ಕಡೆ ತಿರುಗಿದವರು. ಕ್ಯಾಮೆರಾ ಬೇರೆಲ್ಲೋ ನೋಡುತ್ತಿದೆ ಅನ್ನಿಸುವಂಥ ಕನ್ನಡಿ ಲೆನ್ಸ್ ಹಾಕಿ, ಗೊತ್ತಾಗದ ಹಾಗೆ ಜನರನ್ನು ಚಿತ್ರೀಕರಿಸುತ್ತಿದ್ದರು. ಅವರ ಸಂಶೋಧನೆಗೆ ಅದು ಬೇಕಿತ್ತೇನೋ. ನಮ್ಮೂರಿಗೆ ಬೇಡ.

ಮರುವರ್ಷ ವಾರ ಮೊದಲೇ ಹೋದೆ. ಕ್ಯಾಮೆರಾ ಚೀಲದಲ್ಲೇ ಇತ್ತು. ಬೆಳಕು ಹರಿಯುವ ಮುಂಚೆ ಗದ್ದೆಗೆ ಹೊರಟಾಗ ಅದೇ ಅಮ್ಮ ಲಾಟೀನು ನನ್ನ ಕೈಗೆ ಕೊಟ್ಟರು. ಹಚ್ಚಂಬಲಿ (ಸೊಪ್ಪು ಬೇಯಿಸಿ ಮಾಡಿದ ಎಡೆ) ಗದ್ದೆಗೆ ಬೀರುವುದನ್ನು ಆ ಲಾಟೀನು ಹಿಡಿದೇ ನೋಡಿದೆ. ಶೂಟ್ ಮಾಡಿದ್ದು ಅದರ ಮುಂದಿನ ವರ್ಷ.

ತೀರ್ಥಹಳ್ಳಿಯಿಂದ:
ಅಭಯಾರಣ್ಯದೊಳಗೆ ಚಿತ್ರೀಕರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು, 1972ರ ವನ್ಯಜೀವಿ ಕಾಯ್ದೆ ಇದೆ. ಅದು ಬರುವವರೆಗೆ ಮಂಡಗದ್ದೆಯಲ್ಲಿ ಕೈ ಪಳಗಿಸಲಿ. ಮಳೆಗಾಲದಲ್ಲಿ ತುಂಗೆ ನಡುವಿನ ಮರಗಳ ತುಂಬ ಬೆಳ್ಳಕ್ಕಿ ಗೂಡು. ರಸ್ತೆ ಪಕ್ಕದಿಂದಲೇ ಕಾಣುತ್ತವೆ.

ಉಂಬಳಕ್ಕಿಂತ ಲೆನ್ಸಿನ ಬೂಷ್ಟು ಜಾಸ್ತಿ ರಕ್ತ ಹೀರುತ್ತದೆ! ಅಡಿಕೆ ಒಣಗುತ್ತದಲ್ವಾ ಅಂತ ನಾನು ಒಲೆ ಮೇಲಿನ ಅಟ್ಟದಲ್ಲಿ ಲೆನ್ಸ್ ಇಟ್ಟೆ. ಬೂಷ್ಟು ಹೋಗಲಿಲ್ಲ, ಮೇಲೆ ಮಸಿ ಬೇರೆ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್. ಅಷ್ಟು ಸಾಕು.

ಹೊಸನಗರದಿಂದ:
ಅಪ್ಪನಿಗೆ ಹೇಳಿ, ನನ್ನ ಟ್ರೈಪಾಡ್ ಬಂದದ್ದು ಮದುವೆ ವಿಡಿಯೋ ದುಡ್ಡಿನಲ್ಲಿ. ಈಗಲೂ ಮಾಘದಲ್ಲಿ ಮಂಟಪ, ಮಿಕ್ಕ ದಿನ ಕಾಡು.