ಸಹಾಯ ಬೇಕು: ಮಡಚುವ ಲ್ಯಾಪ್‌ಟಾಪ್‌ಗೆ ಎರಡೇ ಟೈಪ್-ಸಿ ಪೋರ್ಟ್ ಸಾಕಾ?

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದಲ್ಲಿ ಹೈಸ್ಕೂಲ್ ಗಣಿತ ಟೀಚರ್. ಪರದೆಯನ್ನು 360 ಡಿಗ್ರಿ ಹಿಂದಕ್ಕೆ ಮಡಚಿ ಟ್ಯಾಬ್ ಥರ ಹಿಡಿಯುವ 13.3 ಇಂಚಿನ ಲ್ಯಾಪ್‌ಟಾಪ್ ಒಂದನ್ನು ಮೊನ್ನೆ ಹುಬ್ಬಳ್ಳಿಯ ಅಂಗಡಿಯಲ್ಲಿ ನೋಡಿ ಬಂದೆ, ತೂಕ 1.3 ಕೆಜಿ ಅಷ್ಟೇ, ಪರದೆ ಮೇಲೆ ಪೆನ್ನಲ್ಲಿ ಲೆಕ್ಕ ಬಿಡಿಸಿ ತೋರಿಸಲು ತುಂಬಾ ಚೆನ್ನಾಗಿದೆ. ಆದರೆ ಪೋರ್ಟ್ ನೋಡಿ ದುಡ್ಡು ಕೊಡಲು ಮನಸ್ಸಾಗಲಿಲ್ಲ.

ಎಡಗಡೆ ಎರಡು ಟೈಪ್-ಸಿ, ಬಲಗಡೆ ಇಯರ್‌ಫೋನ್ ತೂತು. ಮುಗೀತು. ನಮ್ಮ ಶಾಲೆಯ ಪ್ರೊಜೆಕ್ಟರಿಗೆ ಎಚ್‌ಡಿಎಂಐ ಬೇಕೇ ಬೇಕು. ಟೈಪ್-ಸಿ ನೋಡಲು ಒಂದೇ ಥರ ಇದ್ದರೂ ಎಲ್ಲದರಿಂದಲೂ ಚಿತ್ರ ಹೊರಗೆ ಬರುವುದಿಲ್ಲ, ಡಿಸ್‌ಪ್ಲೇಪೋರ್ಟ್ ಸೌಲಭ್ಯ ಇರಬೇಕು. ಅಂಗಡಿಯವರು ಎರಡರಲ್ಲೂ ಬರುತ್ತೆ ಅಂದರು, ಆದರೆ ಒಂದರ ಪಕ್ಕ ಮಾತ್ರ ಸಣ್ಣ ಮಿಂಚಿನ ಗುರುತಿತ್ತು. ಅದು ಥಂಡರ್‌ಬೋಲ್ಟ್ 4 (ಚಿತ್ರವನ್ನೂ ಹೊರಗೆ ಕಳಿಸುವ ವೇಗದ ಟೈಪ್-ಸಿ) ಗುರುತಾದರೆ ಚಿಂತೆಯಿಲ್ಲ, ಬರೀ ಚಾರ್ಜಿಂಗ್ ಗುರುತಾದರೆ ಕಷ್ಟ ಅಲ್ವಾ?

ಇನ್ನೊಂದು, ಉಪ್ಪು ಗಾಳಿ. ನಮ್ಮ ಮನೆಯಿಂದ ಟಾಗೋರ್ ಬೀಚ್ ಹತ್ತಿರವೇ. ಹಳೇ ಲ್ಯಾಪ್‌ಟಾಪಿನ ಯುಎಸ್‌ಬಿ ಬಾಯಲ್ಲಿ ಹಸಿರು ಕಿಲುಬು ಕಟ್ಟಿ, ಪೆನ್‌ಡ್ರೈವ್ ಚೂರು ಅಲ್ಲಾಡಿದರೂ ಫೈಲ್ ಕಾಪಿ ನಿಂತುಬಿಡುತ್ತಿತ್ತು. ಇದರಲ್ಲಿ ಇರುವುದೇ ಎರಡು, ಚಾರ್ಜ್ ಮಾಡುವುದೂ ಅದರಲ್ಲೇ. ಒಂದು ಹೋದರೆ?

ಇಂಥದ್ದನ್ನು ಅಂಕೋಲಾ, ಕುಮಟಾ ಕಡೆ ಒಂದೆರಡು ಮಳೆಗಾಲ ಬಳಸಿದವರು ದಯವಿಟ್ಟು ಹೇಳಿ. ಮಡಚಿ ಮಡಚಿ ಹಿಂಜ್ ಸಡಿಲ ಆಯ್ತಾ? ಚಾರ್ಜ್ ಆಗುತ್ತಲೇ ಪ್ರೊಜೆಕ್ಟರ್ ಕೂಡ ನಡೆಸುವ ಹಬ್ (ಒಂದೇ ಪೋರ್ಟಿಗೆ ಹಲವು ಪೋರ್ಟ್ ಸೇರಿಸುವ ಡಬ್ಬಿ) ಯಾವುದು ತಗೊಂಡ್ರಿ, ಜಾಸ್ತಿ ಬಿಸಿ ಆಗುತ್ತಾ? ಶನಿವಾರ ಮತ್ತೆ ಹುಬ್ಬಳ್ಳಿಗೆ ಹೋಗುತ್ತಿದ್ದೇನೆ, ಅಷ್ಟರೊಳಗೆ ತಿಳಿಸಿದರೆ ದೊಡ್ಡ ಉಪಕಾರ.